ಕೈಯೆತ್ತುವ ಮುನ್ನ ಕಿವಿ ತೆರೆಯಬೇಕು

ನವೆಂಬರ್ 22 ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬ. ಆ ಹಬ್ಬ ಸಮೀಪಿಸಿತೆಂದರೆ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರಗಳ ಬೀದಿಗಳಲ್ಲಿ ಸಂಜೆ ನಡೆದು ಹೋಗುವವರಿಗೆ ಕ್ರಿಸ್ತಜಯಂತಿಯ ಹಾಡುಗಳ ಅಭ್ಯಾಸ ಒಂದಿಲ್ಲೊಂದು ಕಡೆಯಿಂದ ಕೇಳಿಬರುತ್ತದೆ. ಒಂದು ಮನೆಯ ಮಹಡಿಯಲ್ಲಿ ತಮಿಳು, ಮುಂದಿನ ತಿರುವಿನಲ್ಲಿ ಕನ್ನಡ, ದೇವಾಲಯದ ಸಭಾಂಗಣದಲ್ಲಿ ಕೊಂಕಣಿ ಇಲ್ಲವೆ ಇಂಗ್ಲಿಷ್. ಕಂಠಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಗಿಟಾರ್, ಕೀಬೋರ್ಡ್, ಪಿಟೀಲು ಬಲ್ಲ ಮಕ್ಕಳಿಗೂ ಕೊರತೆಯಿಲ್ಲ. ಆದರೆ ಇವರೆಲ್ಲರ ಮುಂದೆ ನಿಂತು ಕೈಯೆತ್ತುವವರು ಯಾರು? ಆ ಕೈಯೆತ್ತುವ ವಿದ್ಯೆಯನ್ನು ಅವರು ಎಲ್ಲಿ ಕಲಿತರು? ಈ ವಾರ ಓದುಗರೊಡನೆ ಚಿಂತಿಸಬೇಕೆಂದಿರುವುದು ಈ ಪ್ರಶ್ನೆಯನ್ನು.

'ಕಂಡಕ್ಟರ್' ಎಂಬ ಪದ ಕಿವಿಗೆ ಬಿದ್ದೊಡನೆ ಬೆಂಗಳೂರಿನವರಾದ ನಮಗೆ ನೆನಪಾಗುವುದು ಸಿಟಿ ಬಸ್ಸು, ಚೀಲ, ಸೀಟಿ. ಇದು ನಗೆಯ ಮಾತಾದರೂ ಹುರುಳಿಲ್ಲದ ಹೋಲಿಕೆಯಲ್ಲ. ಬಸ್ಸನ್ನು ಓಡಿಸುವವನು ಕಂಡಕ್ಟರನಲ್ಲ. ಆದರೂ ಕೊನೆಯ ಅಜ್ಜಿ ಮೆಟ್ಟಿಲು ಹತ್ತಿದಳೇ ಎಂದು ನೋಡಿ ಅವನು 'ರೈಟ್' ಎನ್ನುವವರೆಗೆ ಬಸ್ಸು ಕದಲುವುದಿಲ್ಲ. ಗಾಯನ ವೃಂದದ ಅಥವಾ ವಾದ್ಯವೃಂದದ ನಿರ್ದೇಶಕರ ಸ್ಥಿತಿಯೂ ಅಂಥದೇ. ಅಷ್ಟು ಮಂದಿ ಸಂಗೀತಗಾರರ ನಡುವೆ ಒಂದು ಸ್ವರವನ್ನೂ ಹೊರಡಿಸದವರು ಅವರೊಬ್ಬರೇ. ಆದರೂ ಎಲ್ಲರ ಸ್ವರಕ್ಕೂ ಹೊಣೆ ಅವರೇ.

ಈ ವಿದ್ಯೆಯ ಬೆಲೆ ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಗಾಯನ ವೃಂದದ ಯುವತಿಯೊಬ್ಬಳು ಬಂದು, "ಫಾದರ್, ವೃಂದ ನಿರ್ದೇಶನದ ತರಬೇತಿಯೊಂದಿದೆ. ಧರ್ಮಕೇಂದ್ರದಿಂದ ಶುಲ್ಕಕ್ಕೆ ನೆರವಾದರೆ ಹೋಗಿ ಬರುತ್ತೇನೆ" ಎಂದಳು. "ಕೈ ಬೀಸುವುದಕ್ಕೂ ಒಂದು ತರಬೇತಿಯೇನಮ್ಮ?" ಎಂದು ನಾನು ನಕ್ಕುಬಿಟ್ಟೆ. ಅವಳು ಮರುಮಾತಾಡಲಿಲ್ಲ. ಆ ವರ್ಷದ ಹಣ ಹೊಸ ಕೀಬೋರ್ಡಿಗೂ ಧ್ವನಿವರ್ಧಕಗಳಿಗೂ ಹೋಯಿತು.

ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆಗೆ ಮೂವತ್ತು ಮಂದಿ ಗಾಯಕರು ಮೇಲಿನ ಅಟ್ಟದಲ್ಲಿ, ಅಂದಷ್ಟೇ ಬಂದು ಸೇರಿದ ಕಹಳೆಗಳವರೂ ಡ್ರಮ್ಮಿನವರೂ ಕೆಳಗೆ ಒಂದು ಪಕ್ಕದಲ್ಲಿ. ಕೀಬೋರ್ಡಿನೊಳಗಿನ ಯಂತ್ರತಾಳಕ್ಕೆ ಗುಂಡಿ ಒತ್ತಿದ್ದಾಯಿತು. ಮಹಿಮಾಗೀತೆಯ ಮೊದಲ ಚರಣ ಹೇಗೋ ಸಾಗಿತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಗಾಯಕರು ಅರ್ಧ ಸಾಲು ಹಿಂದೆ ಬಿದ್ದಿದ್ದರು. ಮನುಷ್ಯರು ಉಸಿರು ತೆಗೆದುಕೊಳ್ಳುತ್ತಾರೆ; ಯಂತ್ರ ತೆಗೆದುಕೊಳ್ಳುವುದಿಲ್ಲ. ಅದು ಯಾರಿಗಾಗಿಯೂ ಕಾಯುವುದಿಲ್ಲ. ದೇವಾಲಯದ ತುಂಬ ಗದ್ದಲ. ಆಗ ಆ ಯುವತಿ ಎಲ್ಲರಿಗೂ ಕಾಣುವ ಜಾಗಕ್ಕೆ ಬಂದು ನಿಂತಳು. ಒಂದು ಕೈಯಿಂದ ಕೀಬೋರ್ಡನ್ನೂ ಡ್ರಮ್ಮನ್ನೂ ನಿಲ್ಲಿಸಿ, ಗಾಯಕರ ಕಡೆ ತಿರುಗಿ, ಅವರೊಡನೆ ಒಮ್ಮೆ ಉಸಿರೆಳೆದುಕೊಂಡು ಕೈಯಿಳಿಸಿದಳು. ಮೂರನೆಯ ಚರಣ ವಾದ್ಯಗಳಿಲ್ಲದೆ, ಕೇವಲ ಕಂಠಗಳಿಂದ, ಒಂದಾಗಿ ಹೊರಟಿತು. ಪೂಜಾಪೀಠದ ಬಳಿ ನಿಂತಿದ್ದ ನಾನು ತಲೆ ತಗ್ಗಿಸಿದೆ. ಅವಳಲ್ಲಿ ಸಹಜವಾಗಿದ್ದ ಶಕ್ತಿಯನ್ನು ವಿದ್ಯೆಯಾಗಿ ಬೆಳೆಸುವ ಅವಕಾಶವನ್ನು ತಪ್ಪಿಸಿದವನು ನಾನೇ ಆಗಿದ್ದೆ.

ಕೈಯ ಚರಿತ್ರೆ

ಈ ಕಲೆಗೆ ದೀರ್ಘವಾದ ಇತಿಹಾಸವಿದೆ. ಮಧ್ಯಯುಗದ ಮಠಗಳಲ್ಲಿ ಗ್ರೆಗೋರಿಯನ್ ಗಾನವನ್ನು ನಡೆಸುವವರು ರಾಗದ ಏರಿಳಿತವನ್ನು ಕೈಯ ಚಲನೆಯಲ್ಲಿ ತೋರಿಸುತ್ತಿದ್ದರು. 11ನೆಯ ಶತಮಾನದ ಬೆನೆಡಿಕ್ಟ್ ಸಭೆಯ ಸನ್ಯಾಸಿ ಅರೆಝ್ಝೊದ ಗೀದೊ ಸ್ವರಗಳನ್ನು ಗೆರೆಗಳ ಮೇಲೆ ಬರೆಯುವ ಕ್ರಮವನ್ನು ನೆಲೆಗೊಳಿಸಿದನು. ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದರ ಸಾಲುಗಳ ಮೊದಲ ಅಕ್ಷರಗಳಿಂದ ಸ್ವರಗಳಿಗೆ ಅವನು ಹೆಸರಿಟ್ಟದ್ದರ ಫಲವೇ ಇಂದಿನ 'ಡೊ ರೆ ಮಿ'. ಕೈಬೆರಳುಗಳ ಗೆಣ್ಣುಗಳ ಮೇಲೆ ಸ್ವರಗಳನ್ನು ಗುರುತಿಸಿ ಹಾಡಿಸುವ ಪದ್ಧತಿಯೂ ಅವನ ಹೆಸರಿನಲ್ಲೇ ಪ್ರಸಿದ್ಧವಾಯಿತು.

ಕೈಯ ಬದಲು ಕೋಲು ಬಂದ ಕಾಲದಲ್ಲಿ ಒಂದು ದುರಂತವೂ ನಡೆಯಿತು. 1687ರ ಜನವರಿಯಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಗುಣಮುಖನಾದುದಕ್ಕೆ ಕೃತಜ್ಞತೆಯಾಗಿ ಏರ್ಪಟ್ಟಿದ್ದ 'ತೆ ದೇವುಂ' ಗಾನವನ್ನು ನಡೆಸುತ್ತಿದ್ದ ಆಸ್ಥಾನ ಸಂಗೀತಗಾರ ಲುಲ್ಲಿ, ನೆಲಕ್ಕೆ ಕುಟ್ಟಿ ತಾಳ ಹಾಕುವ ಉದ್ದನೆಯ ಕೋಲಿನಿಂದ ತನ್ನ ಕಾಲಿಗೇ ಹೊಡೆದುಕೊಂಡನು. ಗಾಯ ಕೊಳೆತು ಮಾರ್ಚ್ ತಿಂಗಳಲ್ಲಿ ಅವನು ತೀರಿಕೊಂಡನು. 19ನೆಯ ಶತಮಾನದಲ್ಲಿ ವಾದ್ಯವೃಂದಗಳು ದೊಡ್ಡದಾದಂತೆ ಸದ್ದಿಲ್ಲದ ಸಣ್ಣ ಬೆತ್ತ ರೂಢಿಗೆ ಬಂತು. ಬೆರ್ಲಿಯೋಸ್, ವಾಗ್ನರ್ ಮೊದಲಾದವರು ನಿರ್ದೇಶನವನ್ನೇ ಕುರಿತು ಬರೆದರು. ತಾಳದ ಸದ್ದು ಅಡಗಿ ಸನ್ನೆ ಮಾತ್ರ ಉಳಿದಾಗಲೇ ನಿರ್ದೇಶನವು ಪ್ರತ್ಯೇಕ ಶಾಸ್ತ್ರವಾಯಿತು ಎನ್ನಬಹುದು.

ನಮ್ಮ ನಾಡಿಗೆ ಇದು ಪೂರ್ತಿ ಪರಕೀಯವೂ ಅಲ್ಲ. 13ನೆಯ ಶತಮಾನದ ಶಾರ್ಙ್ಗದೇವನು 'ಸಂಗೀತ ರತ್ನಾಕರ'ದಲ್ಲಿ ಉತ್ತಮ ವೃಂದದ ಲಕ್ಷಣವನ್ನು ಹೇಳುತ್ತ ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಸಹಗಾಯಕರು, ಹನ್ನೆರಡು ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು ಎಂದು ಲೆಕ್ಕ ಕೊಡುತ್ತಾನೆ. ಮೈಸೂರಿನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕರ್ನಾಟಕ ಸಂಗೀತದ ವೃಂದವೂ ಪಾಶ್ಚಾತ್ಯ ವಾದ್ಯವೃಂದವೂ ಜೊತೆಜೊತೆಯಾಗಿ ಬೆಳೆದವು. ಪಾಶ್ಚಾತ್ಯ ವೃಂದವನ್ನು ಆಟೊ ಶ್ಮಿಡ್ಟ್ ಎಂಬ ಯುರೋಪಿನ ಸಂಗೀತಗಾರರು ನಡೆಸಿದರು. ಆ ಪರಂಪರೆಯ ಮುಂದುವರಿಕೆಯನ್ನು ಇಂದಿಗೂ ದಸರೆಯ ವೇಳೆ ಕರ್ನಾಟಕ ಪೊಲೀಸ್ ಬ್ಯಾಂಡಿನಲ್ಲಿ ಕಾಣಬಹುದು. ಇತ್ತ ಕಂಟೋನ್ಮೆಂಟಿನಲ್ಲಿ ಪಲಟಣಗಳ ಬ್ಯಾಂಡು, ಕಬ್ಬನ್ ಉದ್ಯಾನದ ಬ್ಯಾಂಡ್‌ಸ್ಟ್ಯಾಂಡು, ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಪಡೆಯ ವಾದ್ಯಗಳು ನಮ್ಮ ಹಿರಿಯರ ಕಿವಿಗೆ ಪರಿಚಿತವಾಗಿದ್ದವು.

ಕಲಿಕೆಯ ಮೆಟ್ಟಿಲುಗಳು

ಹಾಗಾದರೆ ನಿರ್ದೇಶನವನ್ನು ಆಳವಾಗಿ ಕಲಿಯುವವರು ಕಲಿಯುವುದಾದರೂ ಏನನ್ನು? ಆರಂಭದ ಪಾಠ ಸುಲಭ. ನಾಲ್ಕು ಎಣಿಕೆಗೆ ಬಲಗೈ ಕೆಳಗೆ, ಒಳಗೆ, ಹೊರಗೆ, ಮೇಲೆ. ಮೂರು ಎಣಿಕೆಗೆ ಕೆಳಗೆ, ಹೊರಗೆ, ಮೇಲೆ. ಇಷ್ಟನ್ನು ಒಂದು ವಾರದಲ್ಲಿ ಕಲಿಯಬಹುದು. ಆದಿತಾಳಕ್ಕೆ ಒಂದು ಪೆಟ್ಟು, ಮೂರು ಬೆರಳು, ಬಳಿಕ ಪೆಟ್ಟು, ಬೀಸು, ಪೆಟ್ಟು, ಬೀಸು ಎಂದು ಎಂಟು ಅಕ್ಷರ ಎಣಿಸುವ ನಮ್ಮ ಮಕ್ಕಳಿಗಂತೂ ಇದು ಇನ್ನೂ ಸುಲಭ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತಾಳ ಹಾಕುವ ಕೈ ನಡೆಯುತ್ತಿರುವ ಕಾಲವನ್ನು ಅಳೆಯುತ್ತದೆ. ನಿರ್ದೇಶಕರ ಕೈ ಬರಲಿರುವುದನ್ನು ಮುಂದಾಗಿ ಸಾರುತ್ತದೆ. ಹಾಡು ಆರಂಭವಾಗುವುದು ಕೈ ಕೆಳಗಿಳಿದಾಗಲ್ಲ, ಅದಕ್ಕೆ ಮುಂಚೆ ಕೈ ಮೇಲೆದ್ದಾಗ. ಆ ಒಂದು ಏಳುವಿಕೆಯಲ್ಲಿಯೇ ವೇಗ, ಗಟ್ಟಿ-ಮೆಲು, ಭಾವ ಎಲ್ಲವೂ ಅಡಗಿರಬೇಕು. ಅದನ್ನು ಕಂಡೇ ಮೂವತ್ತು ಮಂದಿ ಒಟ್ಟಿಗೆ ಉಸಿರೆಳೆಯುತ್ತಾರೆ.

ಎರಡನೆಯ ಮೆಟ್ಟಿಲು ಎಡಗೈಯದು. ಕಲಿಯದ ನಿರ್ದೇಶಕರ ಎಡಗೈ ಕನ್ನಡಿಯಂತೆ ಬಲಗೈಯನ್ನೇ ಅನುಕರಿಸುತ್ತದೆ. ಕಲಿತವರ ಬಲಗೈ ಕಾಲವನ್ನು ಹಿಡಿದರೆ ಎಡಗೈ ಒಂದು ಗುಂಪನ್ನು ಒಳಗೆ ಕರೆಯುತ್ತದೆ, ಇನ್ನೊಂದನ್ನು ತಗ್ಗಿಸುತ್ತದೆ. ಇದಕ್ಕೊಂದು ಹಳೆಯ ಸಾಧನೆಯಿದೆ: ಬಲಗೈಯಲ್ಲಿ ನಾಲ್ಕರ ಎಣಿಕೆ ತಪ್ಪದೆ ನಡೆಯುತ್ತಿರಲು, ಎಡಗೈಯನ್ನು ಎಂಟು ಎಣಿಕೆಗಳ ಕಾಲ ನಿಧಾನವಾಗಿ ಮೇಲೇರಿಸಿ ಮತ್ತೆ ಎಂಟು ಎಣಿಕೆಗಳಲ್ಲಿ ಇಳಿಸುವುದು. ಯಾರು ಬೇಕಾದರೂ ಮನೆಯ ಕನ್ನಡಿಯ ಮುಂದೆ ಮಾಡಿ ನೋಡಲಿ. ಎಷ್ಟು ಕಷ್ಟವೆಂಬುದು ಆಗ ತಿಳಿಯುತ್ತದೆ.

ಮೂರನೆಯದು, ಅತ್ಯಂತ ಮುಖ್ಯವಾದದ್ದು, ಸ್ವರಲಿಪಿಯ ಅಧ್ಯಯನ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಈ ನಾಲ್ಕು ಕಂಠಗಳ ಸಾಲುಗಳನ್ನೂ ನಿರ್ದೇಶಕರು ತಾವೇ ಹಾಡಿ ಕಲಿತಿರಬೇಕು; ವಾದ್ಯದ ನೆರವಿಲ್ಲದೆ ಪುಟವನ್ನು ನೋಡಿದ ಮಾತ್ರಕ್ಕೆ ಅದರ ನಾದ ಒಳಗಿವಿಗೆ ಕೇಳಿಸುವಂತಾಗಬೇಕು. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ಸಂತ ಅಗಸ್ಟೀನರು 'ನಿವೇದನೆಗಳು' ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಕಾಲದ ಸ್ವರೂಪವನ್ನು ವಿವರಿಸಲು ಬಾಯಿಪಾಠವಾದ ಕೀರ್ತನೆಯೊಂದನ್ನು ಹೇಳುವ ಮನುಷ್ಯನನ್ನು ಉದಾಹರಿಸಿರುವುದನ್ನು ನಾವು ಓದಿದ್ದೆವು. ಆರಂಭಿಸುವ ಮುನ್ನ ಇಡೀ ಕೀರ್ತನೆ ನಿರೀಕ್ಷೆಯಲ್ಲಿದೆ. ಹೇಳುತ್ತ ಹೋದಂತೆ ಅದು ಸ್ಮರಣೆಗೆ ಸರಿಯುತ್ತದೆ. ಇವೆರಡರ ನಡುವೆ ಗಮನವೊಂದು ಎಚ್ಚರವಾಗಿರುತ್ತದೆ. ಅಂದು ಅದು ನನಗೆ ಪರೀಕ್ಷೆಯ ಒಂದು ಪ್ರಶ್ನೆಯಾಗಿತ್ತಷ್ಟೆ. ನಿರ್ದೇಶಕರೊಬ್ಬರನ್ನು ಹತ್ತಿರದಿಂದ ನೋಡಿದ ಮೇಲೆ ಅದರ ಅರ್ಥವಾಯಿತು. ಅವರ ಕೈ ಮುಂದಿನ ಸಾಲನ್ನು ಸಿದ್ಧಗೊಳಿಸುತ್ತಿರುತ್ತದೆ, ಕಿವಿ ಈಗಿನ ಸ್ವರವನ್ನು ಆಲಿಸುತ್ತಿರುತ್ತದೆ, ಮನಸ್ಸು ಈಗಷ್ಟೇ ಜಾರಿದ ಶ್ರುತಿಯನ್ನು ನೆನಪಿಟ್ಟುಕೊಂಡಿರುತ್ತದೆ. ಮೂರು ಕಾಲಗಳಲ್ಲಿಯೂ ಒಮ್ಮೆಗೇ ಬದುಕುವ ಶಿಸ್ತು ಇದು.

ಕಂಠ ಬೇರೆ, ವಾದ್ಯ ಬೇರೆ

ಗಾಯಕರನ್ನೂ ವಾದಕರನ್ನೂ ಒಟ್ಟಿಗೆ ನಡೆಸುವುದು ಇನ್ನೂ ಕಠಿಣ. ಕಂಠಕ್ಕೆ ಉಸಿರೂ ಮಾತೂ ಇವೆ. ದಣಿದಾಗ ಅದರ ಶ್ರುತಿ ಕೆಳಗೆ ಜಾರುತ್ತದೆ. ಕೀಬೋರ್ಡಿನ ಶ್ರುತಿ ಜಾರುವುದಿಲ್ಲ. ಹೀಗಾಗಿ ಜಾರಿದ ಗಾಯಕರೂ ಜಾರದ ವಾದ್ಯವೂ ಒಟ್ಟಾದಾಗ ಕಿವಿಗೆ ನೋವಾಗುತ್ತದೆ. ಇನ್ನು ಕಹಳೆ, ಕ್ಲ್ಯಾರಿನೆಟ್ಟುಗಳ ಸ್ವರಲಿಪಿಯೇ ಬೇರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಬಿ-ಫ್ಲ್ಯಾಟ್ ಕಹಳೆಯವನು ಪುಟದಲ್ಲಿ 'ಸಿ' ಎಂದು ನೋಡಿ ಊದಿದಾಗ ಹೊರಡುವುದು ಒಂದು ಪೂರ್ಣ ಸ್ವರ ಕೆಳಗಿನ 'ಬಿ-ಫ್ಲ್ಯಾಟ್'. ಗಾಯಕರು 'ಡಿ' ಶ್ರುತಿಯಲ್ಲಿ ಹಾಡುವುದಾದರೆ ಅವನಿಗೆ 'ಇ'ಯಲ್ಲಿ ಬರೆದುಕೊಡಬೇಕು. ಹಬ್ಬದ ದಿನ ಬಂದು ನಿಂತ ಕಹಳೆಯವನು ತಪ್ಪು ನುಡಿಸಿದನೆಂದು ದೂರುತ್ತೇವೆ. ಅವನ ಕೈಗೆ ಸರಿಯಾದ ಪುಟವನ್ನು ಕೊಟ್ಟವರೇ ಇರುವುದಿಲ್ಲ.

ಕನ್ನಡದಲ್ಲಿ ಹಾಡಿಸುವವರಿಗೆ ಮತ್ತೊಂದು ಹೊಣೆಯಿದೆ. ನಮ್ಮ ಭಾಷೆಯಲ್ಲಿ ಹ್ರಸ್ವ-ದೀರ್ಘಗಳ ಭೇದ ಅರ್ಥದ ಭೇದ. ಪರದೇಶದ ರಾಗಕ್ಕೆ ಕನ್ನಡ ಪದಗಳನ್ನು ತುರುಕಿ 'ಕರುಣೆ'ಯನ್ನು 'ಕಾರುಣೆ' ಎಂದು ಎಳೆದರೆ ಪ್ರಾರ್ಥನೆಯೇ ಕುಂಟುತ್ತದೆ. ಲಘು-ಗುರುಗಳನ್ನು ಬಲ್ಲ ನಿರ್ದೇಶಕರು ಅದನ್ನು ಅಭ್ಯಾಸದಲ್ಲಿಯೇ ತಿದ್ದುತ್ತಾರೆ. 'ಕ್ರಿಸ್ತ', 'ಸ್ತುತಿ' ಮುಂತಾದ ಒತ್ತಕ್ಷರದ ಪದಗಳಲ್ಲಿ ವ್ಯಂಜನಗಳು ಪೆಟ್ಟಿಗೆ ಮುಂಚೆ ಬಂದು, ಸ್ವರಾಕ್ಷರವು ಸರಿಯಾಗಿ ಪೆಟ್ಟಿನ ಮೇಲೆ ಬೀಳಬೇಕು. ಇಲ್ಲವಾದರೆ ಮೂವತ್ತು ಮಂದಿಯ 'ಸ್‌'ಕಾರ ಮೂವತ್ತು ಕಡೆ ಸಿಡಿಯುತ್ತದೆ. ಸಾಲಿನ ಅಂತ್ಯ ಇನ್ನೂ ಸೂಕ್ಷ್ಮ. ಇಂಗ್ಲಿಷ್ ಪದಗಳಲ್ಲಿ ಬಹಳಷ್ಟು ವ್ಯಂಜನದಲ್ಲಿ ಮುಗಿಯುವುದರಿಂದ ಎಲ್ಲರೂ ಆ ವ್ಯಂಜನವನ್ನು ಒಟ್ಟಿಗೆ ನುಡಿದರೆ ಸಾಲು ಕತ್ತರಿಸಿದಂತೆ ನಿಲ್ಲುತ್ತದೆ. ಕನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಆ ಸ್ವರವನ್ನು ಎಲ್ಲರೂ ಒಂದೇ ಕ್ಷಣದಲ್ಲಿ ನಿಲ್ಲಿಸಲು ನಿರ್ದೇಶಕರ ಕೈಯ ಹೊರತು ಬೇರೆ ಆಸರೆಯಿಲ್ಲ.

ಹಾಗೆಂದು ನಾವು ಎಲ್ಲದರಲ್ಲಿಯೂ ಹಿಂದುಳಿದವರಲ್ಲ. ಐದು, ಏಳು ಎಣಿಕೆಗಳ ಗತಿ ಪಾಶ್ಚಾತ್ಯ ವಿದ್ಯಾರ್ಥಿಗಳಿಗೆ ಪ್ರೌಢ ಪಾಠ. ಖಂಡಚಾಪು, ಮಿಶ್ರಚಾಪುಗಳನ್ನು ಬಾಲ್ಯದಿಂದಲೂ ಕೇಳಿದ ನಮ್ಮ ಮಕ್ಕಳಿಗೆ ಅದು ಮನೆಯ ಊಟ. ತಾಳಕ್ಕೆ ಸರಿಯಾಗಿಯೂ, ಹಿಂದು-ಮುಂದಾಗಿಯೂ ಹಾಡನ್ನು ಎತ್ತಿಕೊಳ್ಳುವ ಸಮ, ಅತೀತ, ಅನಾಗತಗಳ ತಿಳಿವು ಇದ್ದವರು ನಡುಪೆಟ್ಟಿನಿಂದ ಹೊರಡುವ ಹಾಡಿಗೆ ಅಂಜುವುದಿಲ್ಲ. ಎರಡೂ ಪರಂಪರೆಗಳನ್ನು ಬಲ್ಲ ನಿರ್ದೇಶಕರು ನಮ್ಮ ಸಭೆಯಲ್ಲಿ ಹುಟ್ಟಿಬರಲು ಬೇಕಾದ ಮಣ್ಣು ಇಲ್ಲಿಯೇ ಇದೆ.

ಎಲ್ಲಿ ಕಲಿಯುವುದು?

ಪವಿತ್ರ ಸಂಗೀತಕ್ಕೆ ತರಬೇತಿ ಬೇಕೆಂಬುದನ್ನು ಧರ್ಮಸಭೆ ಹಿಂದಿನಿಂದಲೂ ಹೇಳುತ್ತ ಬಂದಿದೆ. ಜಗದ್ಗುರು ಹತ್ತನೆಯ ಪಯಸ್ ಅವರು ಈ ಕುರಿತ ತಮ್ಮ ಆದೇಶವನ್ನು ಹೊರಡಿಸಿದ್ದು 1903ರ ಸಂತ ಸಿಸಿಲಿಯಳ ಹಬ್ಬದಂದೇ. ಅವರ ಕಾಲದಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಪವಿತ್ರ ಸಂಗೀತದ ವಿದ್ಯಾಪೀಠ ಇಂದಿಗೂ ವೃಂದ ನಿರ್ದೇಶನವನ್ನು ಕಲಿಸುತ್ತಿದೆ. 1963ರ ಡಿಸೆಂಬರ್ 4ರಂದು ಪ್ರಕಟವಾದ ಎರಡನೆಯ ವ್ಯಾಟಿಕನ್ ಮಹಾಸಭೆಯ ದೈವಾರಾಧನಾ ಸಂವಿಧಾನವು ಗಾಯನ ವೃಂದಗಳನ್ನು ಶ್ರದ್ಧೆಯಿಂದ ಬೆಳೆಸಬೇಕೆಂದೂ, ಆಯಾ ನಾಡಿನ ಜನರ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ ವಿಧಿಸಿತು. 1967ರ ಮಾರ್ಚ್ ತಿಂಗಳಲ್ಲಿ ಬಂದ ಪವಿತ್ರ ಸಂಗೀತದ ಸೂಚನಾಪತ್ರವಂತೂ ಚಿಕ್ಕ ವೃಂದವನ್ನೂ ಕಟ್ಟಲಾಗದ ಕಡೆ ಸರಿಯಾಗಿ ತರಬೇತಾದ ಒಬ್ಬಿಬ್ಬರು ಗಾಯಕರಾದರೂ ಇರಬೇಕೆಂದು ಹೇಳುತ್ತದೆ. ಅದೇ 1967ರಲ್ಲಿ, ಬಾಣಸವಾಡಿಗೆ ಹೆಚ್ಚು ದೂರವಲ್ಲದ ಹಚಿನ್ಸ್ ರಸ್ತೆಯಲ್ಲಿ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಅವರ ನಾಯಕತ್ವದಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನಾ ಕೇಂದ್ರವು ಭಾರತೀಯ ಸಂಗೀತವನ್ನು ಆರಾಧನೆಗೆ ತರುವಲ್ಲಿ ವಹಿಸಿದ ಪಾತ್ರ ಎಲ್ಲರಿಗೂ ತಿಳಿದದ್ದೇ.

ಲೌಕಿಕ ಸಂಸ್ಥೆಗಳೂ ಇವೆ. ಅರುಣಾ ಸುಂದರಲಾಲ್ ಅವರು 1987ರಲ್ಲಿ ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ನಗರದ ಅನೇಕ ಮಕ್ಕಳಿಗೆ ಪಾಶ್ಚಾತ್ಯ ಸಂಗೀತದ ಬಾಗಿಲು ತೆರೆದಿದೆ. ಸೇನೆಯ ಬ್ಯಾಂಡ್‌ಮಾಸ್ಟರುಗಳು ತಯಾರಾಗುವುದು ಮಧ್ಯಪ್ರದೇಶದ ಪಚ್‌ಮಢಿಯ ಸೈನಿಕ ಸಂಗೀತ ವಿಭಾಗದಲ್ಲಿ. 1950ರಲ್ಲಿ ಅದು ಹುಟ್ಟಲು ಕಾರಣರಾದವರು ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು.

ಆದರೆ ಈ ವಿದ್ಯೆಯ ನಿಜವಾದ ಶಾಲೆ ವೃಂದದ ಒಳಗೇ ಇದೆ. ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಅವರು 1950ರ ದಶಕದಲ್ಲಿ ವಿಯೆನ್ನಾದಲ್ಲಿ ಹಾನ್ಸ್ ಸ್ವಾರೋವ್‌ಸ್ಕಿ ಅವರ ಬಳಿ ನಿರ್ದೇಶನ ಕಲಿಯುತ್ತಿದ್ದಾಗ, ಮಹಾ ನಿರ್ದೇಶಕರು ಅಭ್ಯಾಸ ಮಾಡಿಸುವ ರೀತಿಯನ್ನು ಹತ್ತಿರದಿಂದ ನೋಡುವ ಆಸೆಯಿಂದ ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಅವರೊಡನೆ ಗಾಯನ ವೃಂದದಲ್ಲಿ ಸೇರಿ ಹಾಡಿದರು. ನಡೆಸುವುದನ್ನು ಕಲಿಯಲು ನಡೆಸಿಕೊಳ್ಳುವವರ ಸಾಲಿನಲ್ಲಿ ನಿಂತರು. ಜಗತ್ತಿನ ದೊಡ್ಡ ವಾದ್ಯವೃಂದಗಳನ್ನು ಮುಂದೆ ನಡೆಸಿದ ಇಬ್ಬರೂ ಕಲಿತ ಬಗೆ ಇದು.

ನಮ್ಮ ಧರ್ಮಕೇಂದ್ರಗಳಲ್ಲಿ ಇಂದೇ ಮಾಡಬಹುದಾದ ಕೆಲವು ಕೆಲಸಗಳಿವೆ. ಅಭ್ಯಾಸ ಮಾಡಿಸುವವರು ಗಾಯಕರೊಡನೆ ತಾವೂ ಹಾಡುವುದನ್ನು ಕಡಿಮೆ ಮಾಡಲಿ. ಹಾಡುವವರಿಗೆ ಇತರರ ತಪ್ಪು ಕೇಳಿಸುವುದಿಲ್ಲ. ಪ್ರತಿ ಸಲವೂ ಮೊದಲ ಸಾಲಿನಿಂದ ಆರಂಭಿಸದೆ, ಕಂಠಗಳು ಹದವಾದೊಡನೆ ಕಷ್ಟದ ಸಾಲನ್ನೇ ಮೊದಲು ಎತ್ತಿಕೊಳ್ಳಲಿ. ವಾರಕ್ಕೊಮ್ಮೆಯಾದರೂ ಯಂತ್ರತಾಳವನ್ನು ಆರಿಸಿ, ವಾದ್ಯಗಳಿಲ್ಲದೆ ಹಾಡಿಸಲಿ. ತಮ್ಮ ಕೈಯ ಚಲನೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ತಾವೇ ನೋಡಲಿ. ಹಬ್ಬದ ವಾದ್ಯಗಾರರು ಕನಿಷ್ಠ ಎರಡು ಅಭ್ಯಾಸಗಳಿಗಾದರೂ ಗಾಯಕರೊಡನೆ ಕೂಡಲಿ. ಇಷ್ಟಕ್ಕೆ ಹಣ ಬೇಕಿಲ್ಲ. ಹಣ ಬೇಕಾಗುವುದು ಒಂದೇ ಕಡೆ: ಪಾಲನಾ ಸಮಿತಿಗಳು ವರ್ಷಕ್ಕೆ ಒಬ್ಬ ಯುವಕನನ್ನೋ ಯುವತಿಯನ್ನೋ ಆರಿಸಿ ತರಬೇತಿಗೆ ಕಳುಹಿಸಬೇಕು. ಧ್ವನಿವರ್ಧಕ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಕಲಿತವರು ಒಂದು ತಲೆಮಾರಿಗೆ ಕಲಿಸುತ್ತಾರೆ.

ತಂದೆತಾಯಿಯರಿಗೂ ಒಂದು ಮಾತು. ಮಗಳು ಹಾಡಿನ ಅಭ್ಯಾಸಕ್ಕೆ ಹೊರಟರೆ ಪರೀಕ್ಷೆ ಹತ್ತಿರವಿದೆಯೆಂದು ತಡೆಯುವ ಮುನ್ನ ಯೋಚಿಸಿರಿ. ಇತರರ ಧ್ವನಿಗೆ ಕಿವಿಗೊಡುವುದನ್ನು, ತನ್ನ ಸರದಿಗೆ ಕಾಯುವುದನ್ನು, ತನಗಿಂತ ಮೆಲ್ಲಗೆ ಹಾಡುವವರನ್ನು ಮುಚ್ಚಿಹಾಕದಿರುವುದನ್ನು ಕಲಿಸುವ ತರಗತಿ ಅದು. ಅಲ್ಲಿ ಕಲಿತದ್ದು ಮನೆಗೂ ಬರುತ್ತದೆ.

ಆ ಯುವತಿ ಮದುವೆಯಾಗಿ ಬೇರೆ ಧರ್ಮಕೇಂದ್ರಕ್ಕೆ ಹೋದಳು. ಅಲ್ಲಿ ತನ್ನದೇ ಸಂಬಳದಿಂದ, ಬಿಡುವಿನ ದಿನಗಳಲ್ಲಿ, ಗುರುವೊಬ್ಬರ ಬಳಿ ಕಲಿತಳು. ಕಳೆದ ಪಾಸ್ಖಹಬ್ಬದ ಮುನ್ನಾದಿನ ಪೂಜೆಗೆ ಅತಿಥಿಯಾಗಿ ಹೋಗಿದ್ದ ನಾನು ಅವಳ ವೃಂದವನ್ನು ಕೇಳಿದೆ. ಪಿಟೀಲುಗಳು ಎರಡು, ಕೊಳಲು ಒಂದು, ಗಾಯಕರು ಹದಿನೆಂಟು ಮಂದಿ. ಅವಳು ಕೈಯೆತ್ತಿ ಒಂದು ಕ್ಷಣ ಹಾಗೆಯೇ ನಿಂತಳು. ಹಿಂದಿನ ಬೆಂಚಿನ ಮಗುವಿನವರೆಗೂ ಎಲ್ಲರೂ ಸುಮ್ಮನಾದರು. ಪೂಜೆ ಮುಗಿದ ಮೇಲೆ ಹಳೆಯ ಮಾತಿಗೆ ಕ್ಷಮೆ ಕೇಳಿದೆ. "ಬಿಡಿ ಫಾದರ್, ಈಗ ನನ್ನ ಬಳಿ ಇಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ" ಎಂದಳು.

ನಿಮ್ಮ ಧರ್ಮಕೇಂದ್ರದಲ್ಲಿಯೂ ಅಂಥ ಒಬ್ಬಳು, ಅಂಥ ಒಬ್ಬ ಇದ್ದೇ ಇರುತ್ತಾರೆ. ಅವರು ಬಂದು ಕೇಳುವ ದಿನ ನಾನು ನಕ್ಕಂತೆ ನೀವು ನಗದಿರಲೆಂಬುದೇ ಈ ಹಬ್ಬದಂದು ನನ್ನ ಪ್ರಾರ್ಥನೆ.